ಕರೆ ಮಾಡುವ ಮುನ್ನ ಬಾಗಿಲು ತಟ್ಟೋಣ

ತನ್ನ ಹಕ್ಕನ್ನು ಕೇಳುವ ಹೊತ್ತಿನಲ್ಲಿ ಮನುಷ್ಯನು ಹೇಗೆ ವರ್ತಿಸುತ್ತಾನೆ ಎಂಬುದು ಅವನ ವಿಶ್ವಾಸಕ್ಕೆ ಒಂದು ದೊಡ್ಡ ಪರೀಕ್ಷೆ. ಸಾಲ ಕೇಳುವಾಗ ಎಲ್ಲರ ದನಿಯೂ ಮೆತ್ತಗಿರುತ್ತದೆ. ಆದರೆ ಕೊಟ್ಟ ಸಾಲವನ್ನು ಮರಳಿ ಕೇಳುವಾಗ, ನಮ್ಮ ಜಾಗದಲ್ಲಿ ಇನ್ನೊಬ್ಬರು ಬಂದು ನಿಂತಾಗ, ನ್ಯಾಯವು ಸಂಪೂರ್ಣವಾಗಿ ನಮ್ಮ ಪರವಾಗಿಯೇ ಇದೆ ಎಂದು ಖಚಿತವಾದಾಗ ನಮ್ಮ ದನಿ ಹೇಗಿರುತ್ತದೆ? ವ್ಯವಹಾರದಲ್ಲಿ ಸೌಮ್ಯತೆ ತೋರುವವನಿಗಾಗಿ ಪ್ರವಾದಿ ಮುಹಮ್ಮದ್(ಸ)ರು ಪ್ರಾರ್ಥಿಸಿದ ವಿಷಯ ಇಮಾಮ್ ಬುಖಾರಿಯವರ ಹದೀಸ್ ಸಂಗ್ರಹದಲ್ಲಿದೆ. ಅಲ್ಲಿ ಕೊಳ್ಳುವ ಮತ್ತು ಮಾರುವ ಸಂದರ್ಭಗಳ ಜೊತೆಗೆ ಮೂರನೆಯದಾಗಿ ಹೆಸರಿಸಲ್ಪಟ್ಟಿರುವುದು ತನಗೆ ಬರಬೇಕಾದುದನ್ನು ಕೇಳಿ ಪಡೆಯುವ ಸಂದರ್ಭ. ಈ ಮೂರನೆಯದನ್ನು ನಾವು ಬಹಳ ಸುಲಭವಾಗಿ ಮರೆಯುತ್ತೇವೆ.

ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 280ನೇ ಸೂಕ್ತವು ಸಾಲಗಾರನ ಕುರಿತು ಮಾತನಾಡುತ್ತದೆ. ಸಾಲ ಕೊಟ್ಟವನ ಹಕ್ಕನ್ನು ಅದು ಅಲ್ಲಗಳೆಯುವುದಿಲ್ಲ. ಸಾಲಗಾರನು ಸಂಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂದು ಹೇಳಿ, ಬಿಟ್ಟುಕೊಡುವುದು ಇನ್ನೂ ಉತ್ತಮವೆಂದು ಬೋಧಿಸುತ್ತದೆ. ಜುಮಾ ಖುತ್ಬಾದ ಕೊನೆಯಲ್ಲಿ ನಾವು ಬಾಲ್ಯದಿಂದಲೂ ಕೇಳುತ್ತಾ ಬಂದಿರುವ ಅನ್ನಹ್ಲ್ ಅಧ್ಯಾಯದ 90ನೇ ಸೂಕ್ತದಲ್ಲಿಯೂ ಅದ್ಲ್ ಮತ್ತು ಇಹ್ಸಾನ್ ಜೊತೆಜೊತೆಯಾಗಿ ಬರುತ್ತವೆ. ಅದ್ಲ್ ಎಂದರೆ ಪ್ರತಿಯೊಬ್ಬರಿಗೂ ಸಲ್ಲಬೇಕಾದುದು ಸಲ್ಲುವುದು. ಇಹ್ಸಾನ್ ಎಂದರೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಒಳಿತನ್ನು ಸ್ವಇಚ್ಛೆಯಿಂದ ಮಾಡುವುದು. ಈ ಎರಡು ಪದಗಳ ಅರ್ಥವನ್ನು ನಾವು ಗ್ರಂಥಗಳಲ್ಲಿ ಓದಿದ್ದೆವು. ಅವು ನಿತ್ಯಜೀವನದಲ್ಲಿ ಎಷ್ಟು ಹತ್ತಿರವಾಗಿವೆ ಮತ್ತು ಎಷ್ಟು ಬೇರೆಯಾಗಿವೆ ಎಂಬುದನ್ನು ಅರ್ಥ ಮಾಡಿಸಿದ್ದು ಒಂದು ವಾಹನ ನಿಲುಗಡೆಯ ಅಂಗಳ.

ನಾವು ದಕ್ಷಿಣ ಕನ್ನಡದಿಂದ ಬಂದು ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಡಲ್ಲಾಸ್ ಸಮೀಪದ ಒಂದು ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ವಾಸವಾಗಿದ್ದೇವೆ. ಎರಡಂತಸ್ತಿನ, ಮೂರಂತಸ್ತಿನ ಅನೇಕ ಕಟ್ಟಡಗಳು. ಅವುಗಳ ನಡುವೆ ಬಿಳಿ ಗೆರೆ ಎಳೆದ ವಿಶಾಲವಾದ ಕಾರು ನಿಲುಗಡೆ. ಬಸ್ಸಿನ ಅನುಕೂಲ ಕಡಿಮೆಯಿರುವ ಆ ಪ್ರದೇಶದಲ್ಲಿ ಕಾರಿಲ್ಲದೆ ಕೆಲಸಕ್ಕೆ ಹೋಗಲಾಗದು, ಮಕ್ಕಳನ್ನು ಶಾಲೆಗೆ ಬಿಡಲಾಗದು, ಮಸೀದಿಗೆ ತಲುಪಲಾಗದು. ಆದುದರಿಂದ ಅಲ್ಲಿ ಮನೆಯ ಬಾಗಿಲಿಗಿಂತಲೂ ಹೆಚ್ಚು ಜಗಳ ನಡೆಯುವುದು ಈ ಬಿಳಿ ಗೆರೆಗಳ ನಡುವಿನ ಜಾಗಕ್ಕಾಗಿ. ಸಮುಚ್ಚಯದ ಪ್ರವೇಶದ್ವಾರದಲ್ಲಿ ಕೆಂಪು ಮತ್ತು ಬಿಳಿ ಬಣ್ಣದ ಒಂದು ಫಲಕವಿರುತ್ತದೆ. ಅನುಮತಿಯಿಲ್ಲದ ವಾಹನವನ್ನು ಮಾಲಕನ ಖರ್ಚಿನಲ್ಲಿ ಎಳೆದೊಯ್ಯಲಾಗುವುದು ಎಂಬ ಎಚ್ಚರಿಕೆ ಮತ್ತು ದಿನದ ಇಪ್ಪತ್ನಾಲ್ಕು ಗಂಟೆಯೂ ಉತ್ತರಿಸುವ ಒಂದು ದೂರವಾಣಿ ಸಂಖ್ಯೆ ಅದರಲ್ಲಿರುತ್ತದೆ. ಆ ಸಂಖ್ಯೆ ಟೋಯಿಂಗ್ ಕಂಪೆನಿಯದ್ದು. ಪೊಲೀಸರು ಬರಬೇಕಾಗಿಲ್ಲ, ವಿಚಾರಣೆ ನಡೆಯಬೇಕಾಗಿಲ್ಲ. ಕಟ್ಟಡದ ಮಾಲಕರೊಂದಿಗೆ ಒಪ್ಪಂದವಿರುವ ಕಂಪೆನಿಯ ಲಾರಿ ರಾತ್ರಿ ಹೊತ್ತು ಬಂದು, ಕೆಲವೇ ನಿಮಿಷಗಳಲ್ಲಿ ಕಾರನ್ನು ಎತ್ತಿ ಎಳೆದುಕೊಂಡು ಹೋಗುತ್ತದೆ.

2022ರ ರಮಝಾನ್ ತಿಂಗಳ ಎರಡನೇ ವಾರದಲ್ಲಿ ನಮ್ಮ ಕಾರಿಗೂ ಇದೇ ಆಯಿತು. ಸಹರಿ ಮುಗಿಸಿ, ಸುಬ್‌ಹಿ ನಮಾಝ್ ನಿರ್ವಹಿಸಿ ಕೆಳಗಿಳಿದಾಗ ಕಾರಿದ್ದ ಜಾಗ ಖಾಲಿಯಾಗಿತ್ತು. ನಮ್ಮಲ್ಲೊಬ್ಬರು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಗಂಟೆ ಲೆಕ್ಕದ ವೇತನಕ್ಕೆ ದುಡಿಯುವವರು. ಏಳು ಗಂಟೆಗೆ ಕೆಲಸ ಆರಂಭವಾಗಬೇಕಿತ್ತು. ಮನೆಗೆ ಇದ್ದುದು ಅದೊಂದೇ ಕಾರು. ಕಳ್ಳತನವಾಗಿದೆಯೆಂದು ಭಾವಿಸಿ ಪೊಲೀಸರಿಗೆ ಕರೆ ಮಾಡಿದೆವು. ಕಾರಿನ ಸಂಖ್ಯೆಯನ್ನು ಕೇಳಿದ ಸಿಬ್ಬಂದಿ, ಅದನ್ನು ಖಾಸಗಿ ಜಾಗದಿಂದ ಟೋಯಿಂಗ್ ಮಾಡಲಾಗಿದೆಯೆಂದು ತಿಳಿಸಿ ಯಾರ್ಡಿನ ವಿಳಾಸ ಕೊಟ್ಟರು. ಆ ರಾಜ್ಯದಲ್ಲಿ ಹೀಗೆ ಒಯ್ದ ವಾಹನಗಳ ಮಾಹಿತಿಯನ್ನು ಪೊಲೀಸರಿಗೆ ಒಪ್ಪಿಸಬೇಕೆಂಬ ನಿಯಮವಿದೆ.

ನಮ್ಮ ಬಳಿ ಅನುಮತಿಯಿತ್ತು. ಕೆಲವು ವಾರಗಳ ಹಿಂದೆ ಸಮುಚ್ಚಯದ ಕಚೇರಿಯವರು ಕಾರಿನ ಗಾಜಿಗೆ ಅಂಟಿಸುವ ಸ್ಟಿಕ್ಕರ್‌ಗಳನ್ನು ನಿಲ್ಲಿಸಿ, ನಂಬರ್ ಪ್ಲೇಟಿನ ಸಂಖ್ಯೆಯನ್ನೇ ಕಂಪ್ಯೂಟರಿನಲ್ಲಿ ದಾಖಲಿಸುವ ಪದ್ಧತಿಯನ್ನು ತಂದಿದ್ದರು. ನಾವು ಅವಧಿಗೆ ಮುಂಚೆಯೇ ಸಂಖ್ಯೆಯನ್ನು ಬರೆದು ಕಳುಹಿಸಿದ್ದೆವು. ಅದನ್ನು ಅಲ್ಲಿ ದಾಖಲಿಸುವಾಗ ‘ಬಿ’ ಅಕ್ಷರದ ಜಾಗದಲ್ಲಿ 8 ಎಂಬ ಅಂಕಿ ಬಿದ್ದಿತ್ತು. ಇದು ಗೊತ್ತಾದುದು ಆಮೇಲೆ. ಕಚೇರಿಯನ್ನು ವಿಚಾರಿಸಿದರೆ, ಕಾರು ಒಯ್ದದ್ದು ಟೋಯಿಂಗ್ ಕಂಪೆನಿ, ಅವರನ್ನೇ ಕೇಳಿ ಎಂಬ ಉತ್ತರ. ಕಂಪೆನಿಯನ್ನು ವಿಚಾರಿಸಿದರೆ, ಪಟ್ಟಿಯಲ್ಲಿ ನಿಮ್ಮ ಸಂಖ್ಯೆಯಿರಲಿಲ್ಲ, ಕಚೇರಿಯವರನ್ನೇ ಕೇಳಿ ಎಂಬ ಉತ್ತರ. ಅನ್ಯಾಯವಾದುದು ನಿಜ, ಆದರೆ ಅದನ್ನು ಮಾಡಿದವರು ಯಾರೂ ಇರಲಿಲ್ಲ.

ಆ ಬೆಳಗ್ಗೆ ನಾವು ಎದುರು ಮನೆಯ ಬಾಗಿಲು ತಟ್ಟಿದೆವು. ಅಲ್ಲಿ ಒಬ್ಬ ಹಿರಿಯ ಕ್ರೈಸ್ತ ಮಹಿಳೆ ತಮ್ಮ ಪತಿಯೊಂದಿಗೆ ವಾಸವಾಗಿದ್ದಾರೆ. ಪತಿ ಗಾಲಿಕುರ್ಚಿಯನ್ನು ಅವಲಂಬಿಸಿರುವವರು. ರಮಝಾನಿನ ಮೊದಲ ದಿನ ಇಫ್ತಾರಿನ ಸಮೋಸವನ್ನು ಅವರಿಗೆ ಕೊಟ್ಟು ಬಂದಿದ್ದೆವು. ಪರಿಚಯ ಅಷ್ಟೇ ಇತ್ತು. ಅವರು ವಿಷಯವನ್ನು ಪೂರ್ತಿ ಕೇಳಿಸಿಕೊಳ್ಳುವ ಮೊದಲೇ ಕಾರಿನ ಕೀಲಿಯನ್ನು ಕೈಗೆತ್ತಿಕೊಂಡರು. ನಿದ್ದೆಯಿಂದ ಆಗಷ್ಟೇ ಎದ್ದಿದ್ದ ಅವರು ಇಪ್ಪತ್ತು ಮೈಲಿ ದೂರದ ಯಾರ್ಡಿನವರೆಗೆ ನಮ್ಮನ್ನು ಬಿಟ್ಟು ಬಂದರು. ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 36ನೇ ಸೂಕ್ತವು ನೆರೆಹೊರೆಯವರನ್ನು ಕುರಿತು ಹೇಳುವಾಗ ಬಂಧುವಾಗಿರುವ ನೆರೆಯವರನ್ನೂ ಅಪರಿಚಿತರಾದ ನೆರೆಯವರನ್ನೂ ಹೆಸರಿಸುತ್ತದೆ. ಅವರಿಗೆ ಒಳಿತು ಮಾಡಬೇಕೆಂಬ ಆಜ್ಞೆಯಾಗಿ ನಾವು ಅದನ್ನು ಅರಿತಿದ್ದೆವು. ಅಪರಿಚಿತ ನೆರೆಯವರಿಂದ ಒಳಿತನ್ನು ಪಡೆಯುವುದು ಹೇಗಿರುತ್ತದೆ ಎಂಬುದು ಅಂದು ತಿಳಿಯಿತು.

ಯಾರ್ಡ್ ಎಂದರೆ ತಂತಿಬೇಲಿ ಹಾಕಿದ ಒಂದು ಬಯಲು. ದಪ್ಪ ಗಾಜಿನ ಹಿಂದೆ ಗುಮಾಸ್ತರೊಬ್ಬರು ಕುಳಿತಿದ್ದರು. ಎಳೆದು ತಂದ ಶುಲ್ಕ, ದಿನದ ಬಾಡಿಗೆ, ತೆರಿಗೆ ಎಲ್ಲ ಸೇರಿ ನಮ್ಮ ಬಿಲ್ಲು 300 ಡಾಲರ್ ದಾಟಿತ್ತು. ಅಂದಿನ ಲೆಕ್ಕದಲ್ಲಿ ಅದು ಸುಮಾರು 23,000 ರೂಪಾಯಿ. ಹಣ ಪಾವತಿಸದೆ ಕಾರು ಸಿಗುವುದಿಲ್ಲ; ಪಾವತಿಸದೆ ಹೋದರೆ ಮರುದಿನದ ಬಾಡಿಗೆ ಸೇರಿಕೊಳ್ಳುತ್ತದೆ. ಗಾಜಿನ ಮುಂದೆ ನಮಗಿಂತ ಮೊದಲು ನಿಂತಿದ್ದ ಒಬ್ಬ ಯುವಕರು ನೋಟುಗಳನ್ನು ಎಣಿಸುತ್ತಿದ್ದರು. ಮೆಕ್ಸಿಕೋ ಮೂಲದವರು, ಛಾವಣಿ ದುರಸ್ತಿಯ ಕೆಲಸಗಾರರು. ಅವರ ಪಿಕಪ್ ವಾಹನದಲ್ಲಿಯೇ ಕೆಲಸದ ಉಪಕರಣಗಳೆಲ್ಲ ಇದ್ದವು. ಎಣಿಕೆಯಲ್ಲಿ 90 ಡಾಲರ್ ಕಡಿಮೆ ಬಿತ್ತು. ನಮ್ಮ ಪರ್ಸಿನಲ್ಲಿದ್ದ 20 ಡಾಲರ್ ಕೊಡಲು ಹೋದಾಗ ಅವರು ಸ್ವೀಕರಿಸಲಿಲ್ಲ. ಸಂಜೆ ಅಣ್ಣನನ್ನು ಕರೆದುಕೊಂಡು ಬರುತ್ತೇನೆ, ದಾರಿಯಲ್ಲಿ ಎಲ್ಲಾದರೂ ಇಳಿಸಿ ಸಾಕು ಎಂದರು.

ದಾರಿಯಲ್ಲಿ ಅವರು ಹೇಳಿದ ವಿಷಯವಿಷ್ಟು. ಅಣ್ಣನ ಮನೆಯಲ್ಲಿ ಒಂದು ರಾತ್ರಿ ತಂಗಲು ಹೋಗಿದ್ದರು. ಅತಿಥಿಗಳ ಜಾಗ ತುಂಬಿದ್ದರಿಂದ, ತಿಂಗಳುಗಳಿಂದ ಖಾಲಿಯಿದ್ದ ಒಂದು ಸಂಖ್ಯೆಯ ಜಾಗದಲ್ಲಿ ವಾಹನ ನಿಲ್ಲಿಸಿದರು. ಆ ಸಂಖ್ಯೆಯ ಮನೆಯವರು ರಾತ್ರಿ ಹಿಂತಿರುಗಿ ಫಲಕದಲ್ಲಿದ್ದ ದೂರವಾಣಿಗೆ ಕರೆ ಮಾಡಿದರು. “ಅವರ ಜಾಗ, ಅವರು ಸರಿ” ಎಂದರು ಆ ಯುವಕರು. “ಆದರೆ ಅಣ್ಣನ ಮನೆ ಮೆಟ್ಟಿಲ ಪಕ್ಕದಲ್ಲೇ ಇತ್ತು. ಒಮ್ಮೆ ಬಾಗಿಲು ತಟ್ಟಿದ್ದರೆ ಎರಡು ನಿಮಿಷದಲ್ಲಿ ಕೆಳಗೆ ಬರುತ್ತಿದ್ದೆ.” ಮುಂದಿನ ಸಿಗ್ನಲ್ಲಿನವರೆಗೆ ಯಾರೂ ಮಾತನಾಡಲಿಲ್ಲ.

ನಮ್ಮ ಪ್ರಕರಣಕ್ಕೂ ಅವರ ಪ್ರಕರಣಕ್ಕೂ ದೊಡ್ಡ ವ್ಯತ್ಯಾಸವಿತ್ತು. ನಮಗಾದುದು ಅನ್ಯಾಯ, ಅದಕ್ಕೆ ಅದ್ಲ್ ಬೇಕಿತ್ತು. ಅವರಿಗಾದುದರಲ್ಲಿ ಕಾನೂನಿನ ಲೋಪವೇನೂ ಇರಲಿಲ್ಲ. ಅಲ್ಲಿ ಇಲ್ಲದೆ ಹೋದದ್ದು ಇಹ್ಸಾನ್. ಇವೆರಡನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ಮೊದಲು ಅದ್ಲ್‌ನ ವಿಷಯ. ಅನ್ಯಾಯವಾದಾಗ ಸಹನೆ ವಹಿಸಿ ಸುಮ್ಮನಿರಬೇಕೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ವಿದೇಶದಲ್ಲಿರುವವರಂತೂ ನಮಗೇಕೆ ಕೋರ್ಟು ಕಚೇರಿ ಎಂದು ಹಿಂಜರಿಯುತ್ತಾರೆ. ಆದರೆ ಸಬ್ರ್ ಎಂಬುದು ಕೈಕಟ್ಟಿ ಕೂರುವುದಕ್ಕೆ ಇಟ್ಟ ಹೆಸರಲ್ಲ. ಟೆಕ್ಸಾಸ್‌ನಲ್ಲಿ ಟೋಯಿಂಗ್‌ಗೆ ಪ್ರತ್ಯೇಕ ಕಾನೂನಿದೆ. ಎಚ್ಚರಿಕೆಯ ಫಲಕ ಕನಿಷ್ಠ 18 ಇಂಚು ಅಗಲ, 24 ಇಂಚು ಎತ್ತರವಿರಬೇಕು. ಟೋಯಿಂಗ್ ಕಂಪೆನಿಯಿಂದ ಜಾಗದ ಮಾಲಕರು ಇದಕ್ಕಾಗಿ ಯಾವುದೇ ಹಣವನ್ನಾಗಲಿ ಲಾಭವನ್ನಾಗಲಿ ಪಡೆಯುವಂತಿಲ್ಲ. ಅನ್ಯಾಯವಾಗಿ ಕಾರು ಒಯ್ದರೆಂದು ಭಾವಿಸುವವರು, ಶನಿವಾರ, ಭಾನುವಾರ ಮತ್ತು ರಜಾದಿನಗಳನ್ನು ಬಿಟ್ಟು 14 ದಿನಗಳೊಳಗೆ ಜಸ್ಟಿಸ್ ಕೋರ್ಟ್ ಎಂಬ ಸ್ಥಳೀಯ ನ್ಯಾಯಾಲಯದಲ್ಲಿ ವಿಚಾರಣೆ ಕೋರಬಹುದು. ಕಾರು ಒಯ್ಯಲು ಸಕಾರಣವಿತ್ತೇ, ನಿಗದಿಗಿಂತ ಹೆಚ್ಚು ಶುಲ್ಕ ಪಡೆದಿದ್ದಾರೆಯೇ ಎಂಬ ಪ್ರಶ್ನೆಗಳನ್ನು ಅಲ್ಲಿ ಪರಿಶೀಲಿಸಲಾಗುತ್ತದೆ. ಸಾಬೀತುಪಡಿಸುವ ಹೊಣೆ ದೂರು ಕೊಟ್ಟವರದ್ದು. ನಾವು ಅರ್ಜಿ ಸಲ್ಲಿಸಿದೆವು.

ಈ ಹಂತದಲ್ಲಿ ಒಂದು ಪರೀಕ್ಷೆ ಬಂತು. ತರಾವೀಹ್ ಮುಗಿಸಿ ಹೊರಬರುವಾಗ ಪರಿಚಯಸ್ಥರೊಬ್ಬರು ನಮ್ಮ ಕಥೆಯನ್ನು ಕೇಳಿ ಸಲಹೆಯಿತ್ತರು. ಉದ್ದೇಶಪೂರ್ವಕವಾಗಿಯೋ ತೀರಾ ನಿರ್ಲಕ್ಷ್ಯದಿಂದಲೋ ಕಾನೂನು ಮುರಿದರೆಂದು ತೀರ್ಮಾನವಾದರೆ ಅಲ್ಲಿ 1,000 ಡಾಲರ್ ಮತ್ತು ಪಾವತಿಸಿದ ಶುಲ್ಕದ ಮೂರು ಪಟ್ಟು ಹಣವನ್ನು ಕೊಡಬೇಕಾಗುತ್ತದೆ. ಆದುದರಿಂದ ಅಂದು ಫಲಕವೇ ಇರಲಿಲ್ಲವೆಂದೋ ಗಿಡಗಂಟಿಗಳ ಹಿಂದೆ ಕಾಣದಂತಿತ್ತೆಂದೋ ಹೇಳಿಬಿಡಿ, ಅವರು ನಿಮಗೆ ಮಾಡಿದ್ದು ಕಡಿಮೆ ಅನ್ಯಾಯವೇ ಎಂಬುದು ಅವರ ವಾದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಆ ತಿಂಗಳ ಬಾಡಿಗೆ ಕಟ್ಟುವ ಚಿಂತೆಯಲ್ಲಿದ್ದ ನಮಗೆ ಅದು ಸಣ್ಣ ಮೊತ್ತವೂ ಆಗಿರಲಿಲ್ಲ.

ಆದರೆ ಫಲಕ ಅಲ್ಲೇ ಇತ್ತು. ನಿತ್ಯ ಅದರ ಕೆಳಗೇ ಹಾದುಹೋಗುತ್ತಿದ್ದೆವು. ಅನ್ನಿಸಾ ಅಧ್ಯಾಯದ 135ನೇ ಸೂಕ್ತವು ಸತ್ಯವಿಶ್ವಾಸಿಗಳಿಗೆ ನ್ಯಾಯದ ಪರವಾಗಿ ದೃಢವಾಗಿ ನಿಲ್ಲಬೇಕೆಂದೂ ಸಾಕ್ಷ್ಯವು ಸ್ವತಃ ತಮಗೇ ಪ್ರತಿಕೂಲವಾದರೂ ಸತ್ಯವನ್ನೇ ಹೇಳಬೇಕೆಂದೂ ಆಜ್ಞಾಪಿಸುತ್ತದೆ. ಅನ್ಯಾಯಕ್ಕೊಳಗಾದವನಿಗೆ ಸುಳ್ಳು ಹೇಳುವ ರಿಯಾಯಿತಿಯೇನೂ ಆ ಸೂಕ್ತದಲ್ಲಿಲ್ಲ. ಉಪವಾಸ ಹಿಡಿದ ಬಾಯಿಯಿಂದ ಸುಳ್ಳು ಸಾಕ್ಷ್ಯ ನುಡಿದು ಗಳಿಸಿದ ಹಣವನ್ನು ಯಾವ ಇಫ್ತಾರಿಗೆ ಖರ್ಚು ಮಾಡುವುದು? ವಿಚಾರಣೆಯ ದಿನ ನ್ಯಾಯಾಧೀಶರು ಫಲಕವಿತ್ತೇ ಎಂದು ಕೇಳಿದರು. ಇತ್ತು, ಸ್ಪಷ್ಟವಾಗಿ ಕಾಣುವಂತಿತ್ತು ಎಂದೆವು. ಬಳಿಕ, ಕಚೇರಿಗೆ ನಾವು ಸರಿಯಾದ ಸಂಖ್ಯೆಯನ್ನು ಕಳುಹಿಸಿದ ದಿನಾಂಕವಿದ್ದ ಇಮೇಲಿನ ಪ್ರತಿಯನ್ನು ಕೊಟ್ಟೆವು. ಎಲ್ಲ ಸೇರಿ ಕಾಲು ಗಂಟೆಯೂ ಆಗಲಿಲ್ಲ. ಅನುಮತಿ ಪಡೆದಿದ್ದ ವಾಹನವನ್ನು ಒಯ್ಯಲು ಸಕಾರಣವಿರಲಿಲ್ಲವೆಂದು ತೀರ್ಪಾಯಿತು. ಪಾವತಿಸಿದ ಶುಲ್ಕ ಮತ್ತು ಅರ್ಜಿಯ ಖರ್ಚು ಆರು ವಾರಗಳ ನಂತರ ಚೆಕ್ಕಿನ ರೂಪದಲ್ಲಿ ಬಂತು. ಸಾವಿರ ಡಾಲರ್ ಬರಲಿಲ್ಲ. ಅಂದು ಕಳೆದುಹೋದ ಒಂದು ದಿನದ ವೇತನವೂ ಬರಲಿಲ್ಲ. ಅದರ ಲೆಕ್ಕ ಅಲ್ಲಾಹನ ಬಳಿಯಿದೆ.

ಇನ್ನು ಇಹ್ಸಾನಿನ ವಿಷಯ. ಈ ಘಟನೆಯ ಬಳಿಕ ನಾವು ತಿಂಗಳ ಬಾಡಿಗೆ ಕೊಟ್ಟು ನೆರಳಿನ ಛಾವಣಿಯಿರುವ, ಸಂಖ್ಯೆ ಬರೆದ ಒಂದು ಜಾಗವನ್ನು ಪಡೆದುಕೊಂಡೆವು. ಈಗ ಹಕ್ಕು ನಮ್ಮ ಕೈಯಲ್ಲಿತ್ತು. ಒಂದು ಶನಿವಾರ ರಾತ್ರಿ ಮಗು ಹಿಂದಿನ ಸೀಟಿನಲ್ಲಿ ನಿದ್ರಿಸುತ್ತಿದ್ದಾಗ, ಕೈತುಂಬ ಸಾಮಾನಿನೊಂದಿಗೆ ಮರಳಿದರೆ ನಮ್ಮ ಜಾಗದಲ್ಲಿ ಒಂದು ಅಪರಿಚಿತ ಕಾರು ನಿಂತಿತ್ತು. ಅತಿಥಿಗಳ ಜಾಗ ಸಮುಚ್ಚಯದ ಇನ್ನೊಂದು ತುದಿಯಲ್ಲಿತ್ತು. ಮಳೆ ಹನಿಯುತ್ತಿತ್ತು. ಫಲಕದಲ್ಲಿದ್ದ ಸಂಖ್ಯೆ ಎದುರಿಗೇ ಇತ್ತು. ಒಂದು ಕರೆ ಸಾಕಿತ್ತು. ಯಾರೂ ನಮ್ಮನ್ನು ತಪ್ಪೆನ್ನುತ್ತಿರಲಿಲ್ಲ. ಆ ಕ್ಷಣದಲ್ಲಿ ಬಂದ ಕೋಪವೂ ಸುಳ್ಳಾಗಿರಲಿಲ್ಲ.

ಕರೆ ಮಾಡುವ ಬದಲು ನಮ್ಮ ಮೆಟ್ಟಿಲ ಸುತ್ತಲಿನ ಆರು ಬಾಗಿಲುಗಳನ್ನು ತಟ್ಟಿದೆವು. ಮೂರು ಮನೆಯವರು ತೆರೆದರು; ಕಾರು ಅವರದ್ದಾಗಿರಲಿಲ್ಲ. ಉಳಿದ ಮೂರು ಬಾಗಿಲು ತೆರೆಯಲಿಲ್ಲ. ಕೊನೆಗೆ, ಇದು ನಮ್ಮ ಬಾಡಿಗೆಯ ಜಾಗ, ದಯವಿಟ್ಟು ಬೆಳಗ್ಗೆ ತೆರವು ಮಾಡಿ, ಇಲ್ಲಿ ಟೋಯಿಂಗ್ ಮಾಡುತ್ತಾರೆ, ಎಚ್ಚರಿಕೆ ಎಂದು ಬರೆದ ಚೀಟಿಯನ್ನು ಆ ಕಾರಿನ ವೈಪರಿಗೆ ಸಿಕ್ಕಿಸಿ, ದೂರದಲ್ಲಿ ಕಾರು ನಿಲ್ಲಿಸಿ, ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನೆನೆಯುತ್ತಾ ಬಂದೆವು. ಬೆಳಗ್ಗೆ ಕಾರು ಹೋಗಿತ್ತು. ಚೀಟಿ ನೆಲದ ಮೇಲೆ ಒದ್ದೆಯಾಗಿ ಬಿದ್ದಿತ್ತು. ಯಾರೂ ಬಂದು ಕೃತಜ್ಞತೆ ಹೇಳಲಿಲ್ಲ. ಆ ಕಾರು ಯಾರದ್ದೆಂದು ಇಂದಿಗೂ ನಮಗೆ ತಿಳಿಯದು.

ಇದನ್ನು ದೊಡ್ಡ ತ್ಯಾಗವೆಂದು ಬರೆಯುತ್ತಿಲ್ಲ. ಇಹ್ಸಾನ್ ಎಂಬುದು ಬಹುಪಾಲು ಹೀಗೆಯೇ ಇರುತ್ತದೆ ಎಂಬುದನ್ನು ತಿಳಿಸಲು ಬರೆಯುತ್ತಿದ್ದೇವೆ. ಅದಕ್ಕೆ ಸಾಕ್ಷಿಗಳಿರುವುದಿಲ್ಲ. ಅದನ್ನು ಪಡೆದವರಿಗೇ ಅದರ ಅರಿವಿರುವುದಿಲ್ಲ. ಟೋಯಿಂಗ್ ಮಾಡಿಸಿದ್ದರೆ ಆ ಮನುಷ್ಯನು ನಮ್ಮನ್ನು ಖಂಡಿತ ನೆನಪಿಟ್ಟುಕೊಳ್ಳುತ್ತಿದ್ದನು; ಮಾಡಿಸದೆ ಇದ್ದುದರಿಂದ ನಾವು ಅವನ ಪಾಲಿಗೆ ಯಾರೂ ಅಲ್ಲ. ಪ್ರತಿಫಲವನ್ನು ಅಲ್ಲಾಹನಲ್ಲಿ ಮಾತ್ರ ನಿರೀಕ್ಷಿಸುವುದೆಂದರೆ ಇದೇ ಅಲ್ಲವೇ?

ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಬಿಟ್ಟುಕೊಡುವ ಅಧಿಕಾರ ನಮಗಿರುವುದು ನಮ್ಮ ಸ್ವಂತ ಹಕ್ಕಿನ ಮೇಲೆ ಮಾತ್ರ. ಒಂದು ಮಧ್ಯಾಹ್ನ ಎದುರು ಮನೆಯವರ ಗಾಲಿಕುರ್ಚಿ ಇಳಿಯುವ ಇಳಿಜಾರಿಗೆ ಅಡ್ಡಲಾಗಿ ಯಾರೋ ಕಾರು ನಿಲ್ಲಿಸಿ ಹೋಗಿದ್ದರು. ಆ ಹಿರಿಯರು ವೈದ್ಯರ ಬಳಿಗೆ ಹೋಗಲು ಸಿದ್ಧರಾಗಿ ಬಾಗಿಲಲ್ಲೇ ಕುಳಿತಿದ್ದರು. ಹತ್ತಿರದ ಬಾಗಿಲುಗಳನ್ನು ತಟ್ಟಿ ನೋಡಿದೆವು, ಯಾರೂ ಸಿಗಲಿಲ್ಲ. ಅಂದು ಆ ಮಹಿಳೆಯೊಂದಿಗೆ ನಿಂತು ನಾವೇ ಫಲಕದ ಸಂಖ್ಯೆಗೆ ಕರೆ ಮಾಡಿಸಿದೆವು. ಅದರಲ್ಲಿ ನಮಗೆ ಸಂಕೋಚವೆನಿಸಲಿಲ್ಲ. ಅಗ್ನಿಶಾಮಕ ವಾಹನದ ದಾರಿ, ಅಂಗವಿಕಲರ ಜಾಗ, ಆಂಬುಲೆನ್ಸ್ ಬರುವ ತಿರುವು ಇವು ನಾವು ಉದಾರವಾಗಿ ದಾನ ಮಾಡಬಹುದಾದ ಸೊತ್ತುಗಳಲ್ಲ. ಇನ್ನೊಬ್ಬರ ಹಕ್ಕನ್ನು ಬಿಟ್ಟುಕೊಟ್ಟು ತೋರುವ ಕರುಣೆ ಇಹ್ಸಾನ್ ಅಲ್ಲ, ಅದು ಮತ್ತೊಂದು ಬಗೆಯ ಅನ್ಯಾಯ. ಇಹ್ಸಾನ್ ಸದಾ ಸ್ವಂತ ಜೇಬಿನಿಂದಲೇ ಖರ್ಚಾಗಬೇಕು.

ಊರಿನಲ್ಲಿರುವ ಓದುಗರಿಗೆ ಇದೆಲ್ಲ ದೂರದ ದೇಶದ ವಿಷಯವೆನಿಸಬಹುದು. ನಮ್ಮಲ್ಲಿ ಅಪಾರ್ಟ್‌ಮೆಂಟಿನ ಒಳಗೆ ಟೋಯಿಂಗ್ ಲಾರಿ ನುಗ್ಗುವ ರೂಢಿಯಿಲ್ಲ. ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ವಾಹನ ತೆರವು ಮಾಡುವ ಅಧಿಕಾರದ ಬಗ್ಗೆ ಹೇಳುವುದು ಸಾರ್ವಜನಿಕ ಸ್ಥಳಗಳಿಗೆ ಸಂಬಂಧಿಸಿ. ಬೆಂಗಳೂರಿನ ರಸ್ತೆಗಳಲ್ಲಿ ಸಂಚಾರ ಪೊಲೀಸರ ಟೋಯಿಂಗ್ ಕಾರ್ಯಾಚರಣೆಯು ಅದರ ಸಿಬ್ಬಂದಿಯ ವರ್ತನೆಯ ವಿರುದ್ಧ ಎದ್ದ ಸಾರ್ವಜನಿಕ ಆಕ್ರೋಶದ ಬಳಿಕ 2022ರ ಆರಂಭದಲ್ಲಿ ಸ್ಥಗಿತಗೊಂಡಿದ್ದು ಅನೇಕರಿಗೆ ನೆನಪಿರಬಹುದು. ಆದರೆ ಲಾರಿ ಇಲ್ಲದ ಮಾತ್ರಕ್ಕೆ ಜಗಳವಿಲ್ಲವೆಂದಲ್ಲ. ನಮ್ಮ ಫ್ಲ್ಯಾಟುಗಳಲ್ಲಿ ಚಕ್ರದ ಗಾಳಿ ತೆಗೆಯುತ್ತಾರೆ, ಚಕ್ರಕ್ಕೆ ಬೀಗ ಜಡಿಯುತ್ತಾರೆ. ಇನ್ನೂ ಸುಲಭದ ವಿಧಾನವೆಂದರೆ, ಕಾರಿನ ಫೋಟೋ ತೆಗೆದು ನಂಬರ್ ಪ್ಲೇಟ್ ಕಾಣುವಂತೆ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಇನ್ನೂರು ಮನೆಗಳ ಮುಂದೆ ಒಬ್ಬರ ಮಾನ ಕಳೆಯುವುದು. ಎರಡನೇ ಮಹಡಿಯಿಂದ ನಾಲ್ಕನೇ ಮಹಡಿಗೆ ಹೋಗಿ ಬಾಗಿಲು ತಟ್ಟುವುದಕ್ಕಿಂತ ಇದು ಸಲೀಸು. ಟೋಯಿಂಗಿನಿಂದ ಹೋಗುವುದು ಹಣ. ಇದರಿಂದ ಹೋಗುವುದು ಮಾನ.

ನಮ್ಮ ಮಸೀದಿಗಳ ಮುಂದಿನ ರಸ್ತೆಯ ವಿಷಯವನ್ನೂ ಇಲ್ಲಿ ಹೇಳದಿರಲಾಗದು. ಜುಮಾ ದಿನ ಇಲ್ಲಿನ ಮಸೀದಿಯಲ್ಲಿ ಹಳದಿ ಜಾಕೆಟ್ ಧರಿಸಿದ ಸ್ವಯಂಸೇವಕರು ಕಾರುಗಳಿಗೆ ದಾರಿ ತೋರಿಸುತ್ತಾರೆ. ಆದರೂ ಖುತ್ಬಾಕ್ಕೆ ಮುನ್ನ, ಇಂಥ ಬಣ್ಣದ, ಇಂಥ ಸಂಖ್ಯೆಯ ಕಾರು ಪಕ್ಕದ ಸಮುಚ್ಚಯದ ದಾರಿಗೆ ಅಡ್ಡವಾಗಿದೆ, ಕೂಡಲೇ ತೆಗೆಯಿರಿ ಎಂಬ ಪ್ರಕಟಣೆ ಕೇಳದ ಶುಕ್ರವಾರವಿಲ್ಲ. ನಮಾಝ್ ಮುಗಿಸಿ ಬರುವಷ್ಟರಲ್ಲಿ ಕಾರು ಕಳೆದುಕೊಂಡವರೂ ಇದ್ದಾರೆ. ಊರಿನಲ್ಲಿಯೂ ಜುಮಾ ಹೊತ್ತಿನಲ್ಲಿ ಅಂಗಡಿಯ ಶಟರಿನ ಮುಂದೆ, ಯಾರದೋ ಮನೆಯ ಗೇಟಿನ ಮುಂದೆ ಬೈಕು ಕಾರುಗಳು ನಿಲ್ಲುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹತ್ತು ನಿಮಿಷಕ್ಕೇನಾಯಿತು ಎಂದು ನಿಲ್ಲಿಸಿದವರಿಗೆ ಅನಿಸುತ್ತದೆ. ಗೇಟಿನ ಒಳಗೆ ರೋಗಿಯನ್ನು ಕರೆದೊಯ್ಯಲು ಕಾಯುತ್ತಿರುವವರಿಗೆ ಆ ಹತ್ತು ನಿಮಿಷ ಬೇರೆಯೇ ಆಗಿರುತ್ತದೆ. ದಾರಿಯಲ್ಲಿ ಕುಳಿತುಕೊಳ್ಳುವವರಿಗೆ ದಾರಿಯ ಹಕ್ಕುಗಳನ್ನು ಕಲಿಸಿದವರು ಪ್ರವಾದಿ(ಸ)ರು. ಇತರರಿಗೆ ಉಪದ್ರವ ಕೊಡದಿರುವುದು ಆ ಹಕ್ಕುಗಳಲ್ಲಿ ಒಂದು. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ಅವರು ವಿಶ್ವಾಸದ ಶಾಖೆಗಳಲ್ಲಿ ಎಣಿಸಿದರು. ನಮ್ಮ ವಾಹನವೇ ಆ ತೊಂದರೆಯ ವಸ್ತುವಾಗಿದ್ದರೆ, ಅದನ್ನು ಬಿಟ್ಟು ಮಸೀದಿಯ ಮೊದಲ ಸಾಲಿಗೆ ಧಾವಿಸುವುದರಲ್ಲಿ ಏನು ಅರ್ಥವಿದೆ? ನಮಾಝ್, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ ಜನರಿಗೆ ಮಾಡಿದ ಅನ್ಯಾಯಗಳ ಲೆಕ್ಕ ತೀರಿಸುತ್ತಾ ಪರಲೋಕದಲ್ಲಿ ದಿವಾಳಿಯಾಗುವವನ ಕುರಿತಾದ ಪ್ರವಾದಿ ವಚನವನ್ನು ನಾವು ಮರೆಯದಿರೋಣ.

ಹೀಗೆ ಎರಡು ಕಡೆಯಿಂದಲೂ ಯೋಚಿಸಬೇಕಾಗಿದೆ. ವಾಹನ ನಿಲ್ಲಿಸುವಾಗ ಇದು ಯಾರ ಜಾಗ, ಯಾರ ದಾರಿ ಎಂದು ನೋಡುವುದು ನಮ್ಮ ಮೇಲಿನ ಕಡ್ಡಾಯ. ನಮ್ಮ ಜಾಗದಲ್ಲಿ ಇನ್ನೊಬ್ಬರು ನಿಲ್ಲಿಸಿದಾಗ ಮೊದಲು ಒಂದು ಬಾಗಿಲು ತಟ್ಟುವುದು ನಮ್ಮಿಂದ ಸಾಧ್ಯವಿರುವ ಒಳಿತು. ಅನ್ಯಾಯವಾದಾಗ ನ್ಯಾಯದ ಬಾಗಿಲನ್ನೂ ತಟ್ಟೋಣ, ಸತ್ಯವನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗೋಣ.

ಮಕ್ಕಳಿಗೆ ಇದನ್ನು ಉಪದೇಶದಿಂದ ಕಲಿಸುವುದು ಕಷ್ಟ. ನಮ್ಮ ಮನೆಯ ಮುಂದೆ ಯಾರೋ ತಪ್ಪಾಗಿ ವಾಹನ ನಿಲ್ಲಿಸಿದಾಗ ಅಪ್ಪ, ಅಮ್ಮ ಮೊದಲು ಮಾಡುವುದೇನು, ಫೋನ್ ಎತ್ತಿಕೊಳ್ಳುತ್ತಾರೋ ಚಪ್ಪಲಿ ಹಾಕಿಕೊಂಡು ಹೊರಡುತ್ತಾರೋ ಎಂಬುದನ್ನು ಅವರು ನೋಡುತ್ತಲೇ ಇರುತ್ತಾರೆ. ನಾಳೆ ಅವರ ಕೈಗೂ ಹಕ್ಕು ಬರುತ್ತದೆ, ಅಧಿಕಾರ ಬರುತ್ತದೆ. ಅಂದು ಅವರು ಅದನ್ನು ಹೇಗೆ ಚಲಾಯಿಸುತ್ತಾರೆ ಎಂಬುದನ್ನು ಇಂದು ನಮ್ಮಿಂದಲೇ ಕಲಿಯುತ್ತಿದ್ದಾರೆ.

ಹಕ್ಕನ್ನು ಕೇಳುವಾಗ ಸೌಮ್ಯತೆಯನ್ನೂ ಸಾಕ್ಷ್ಯ ನುಡಿಯುವಾಗ ಸತ್ಯವನ್ನೂ ನೆರೆಯವರ ವಿಷಯದಲ್ಲಿ ವಿಶಾಲ ಹೃದಯವನ್ನೂ ಅಲ್ಲಾಹನು ನಮ್ಮೆಲ್ಲರಿಗೆ ಕರುಣಿಸಲಿ. ಆಮೀನ್.